ನೀಲಿ ಮಣಿಯ ತಾಯಿ

ಘತ್ತರಗಿಯ ಭಾಗ್ಯವಂತಿ ಗುಡಿಯ ಮುಂದೆ ಕಸ್ತೂರಿಬಾಯಿಯದು ಕಾಯಿ, ಕರ್ಪೂರ, ಹಸಿರು ಬಳೆಗಳ ಅಂಗಡಿ. ಕೂಸು ಬೇಡಿದವರು ದೇವಿಗೆ ಏನು ಕೊಡಬೇಕು, ಕಣ್ಣು ಬೇನೆಯವರು ಏನು ಕೊಡಬೇಕು, ಮರೆತ ಹರಕೆಗೆ ತಪ್ಪುಕಾಣಿಕೆ ಹೇಗೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲೇ. ಬಂದ ಭಕ್ತರಿಗೆಲ್ಲ ದಾರಿ ಹೇಳುವ ಇಂಥ ಗಟ್ಟಿಗಿತ್ತಿಗೆ ತನ್ನ ಗಂಡನ ಕೊರಳಿಗೆ ಬಂದ ದೇವರು ಯಾರೆಂದೇ ತಿಳಿಯಲಿಲ್ಲ, ನೋಡಿ!

ಗಂಡ ನಾಗಣ್ಣ ಬೊಂಬಾಯಿಯ ಹಡಗೊಂದರಲ್ಲಿ ಅಡುಗೆಯವನು. ಎಂಬತ್ತಾರನೇ ಇಸವಿಯ ಶಿವರಾತ್ರಿಗೆ ಊರಿಗೆ ಬಂದಾಗ ಅವನ ಕೊರಳಲ್ಲಿ ಲಿಂಗದ ಕರಡಿಗೆಯ ಪಕ್ಕದಲ್ಲೇ ನೀಲಿ-ಬಿಳಿ ಗಾಜುಮಣಿಯ ಸರವೊಂದು ತೂಗುತ್ತಿತ್ತು.

"ಇದೇನ್ರಿ ಹೊಸಾದು?"

"ಕ್ಯೂಬಾ ಅನ್ನೋ ದೇಶದಾಗ ಸಕ್ಕರಿ ತುಂಬಾಕ ಹಡಗು ನಿಂತಿತ್ತು. ನನಗ ಜ್ವರ ಏರಿ ಎಚ್ಚರ ತಪ್ಪಿತ್ತು. ಬಂದರಿನ ಹಮಾಲನ ತಾಯಿ, ನಮ್ಮವ್ವನಂಗ ಕರಿ ಮುದುಕಿ, ಮನಿಗೆ ಒಯ್ದು ಸೊಪ್ಪಿನ ನೀರು ಎರದ್ಳು. ಡೋಲು ಬಾರಿಸಿದ್ರು. ಒಬ್ಬಾಕಿ ಮೈಮ್ಯಾಲ ಸಮುದ್ರದ ತಾಯಿ ಬಂದ್ಳು, ಯೆಮಯಾ ಅಂತ. ಆಕಿನೇ ಇದನ್ನ ಕೊರಳಿಗೆ ಹಾಕಿದ್ಳು."

ಆ ಜನರ ಮುತ್ತಜ್ಜರನ್ನು ಆಫ್ರಿಕಾದಿಂದ ಸರಪಳಿ ಬಿಗಿದು ತಂದಿದ್ದರಂತೆ. ನಿಮ್ಮ ದೇವರು ಇಲ್ಲಿ ನಡೆಯುವುದಿಲ್ಲ ಎಂದು ಧಣಿಗಳು ಗದರಿಸಿದಾಗ, ಚರ್ಚಿನ ಮೇರಿಯಮ್ಮನ ನೀಲಿ ಸೆರಗಿನ ಹಿಂದೆ ತಮ್ಮ ತಾಯಿಯನ್ನು ಬಚ್ಚಿಟ್ಟರಂತೆ. ಅಲ್ಲಿ ಚರ್ಚಿನಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು. ಕಸ್ತೂರಿಬಾಯಿಗೆ ತಲೆ ಗಿರ್ರೆಂದಿತು.

"ಹಂಗಾದ್ರ ಆಕಿ ಕಿರಿಸ್ತಾನರಾಕಿ ಏನ್ರಿ, ಬ್ಯಾರೇದಾಕಿ ಏನ್ರಿ?"

"ನನಗೆಲ್ಲಿ ಗೊತ್ತು? ನನ್ನ ಬದುಕಿಸ್ಯಾಳ, ಅಷ್ಟ ಗೊತ್ತು."

ಪಕ್ಕದಲ್ಲಿ ಹೂವು ಮಾರುವ ಉಸ್ಮಾನಸಾಬ ನಕ್ಕುಬಿಟ್ಟ. "ಇದಕ್ಯಾಕ ತಲಿ ಕೆಡಿಸ್ಕೊಂತಿ ಅಕ್ಕಾ? ಮೊಹರಮ್ಮಿಗೆ ಪೀರಗೋಳ ಮುಂದ ನೀನೂ ಸಕ್ಕರಿ ಓದಿಸಂಗಿಲ್ಲೇನು?"

ಹೌದಲ್ಲ, ಸಕ್ಕರೆ ಮುಂದಿಟ್ಟು ಫಾತಿಹಾ ಓದಿಸುತ್ತಿದ್ದಳು. ಆದರೆ ಪೀರಗಳು ಇದೇ ಊರಿನವು, ಕಣ್ಣೆದುರಿನವು. ಈಕೆಯನ್ನು ಕಂಡವರಾರು? ಶನಿವಾರ ಬಂತೆಂದರೆ ನಾಗಣ್ಣ ಆ ತಾಯಿಗೆಂದು ಕಲ್ಲಂಗಡಿ ಹಣ್ಣಿನ ಮೇಲೆ ಕಬ್ಬಿನ ಕಪ್ಪುಪಾಕ ಕಾಕಂಬಿ ಸುರಿದು ಭೀಮಾ ನದಿಗೆ ಬಿಟ್ಟು ಕೈಮುಗಿಯುತ್ತಿದ್ದ. ಹಡಗಿನವನಿಗೆ ಗಾಳಿ ಬಡಿದಿದೆ ಎಂದು ಊರು ಆಡಿಕೊಂಡಿತು. ತಿನ್ನುವ ಹಣ್ಣು ನೀರುಪಾಲಾಯಿತಲ್ಲ ಎಂದು ಕಸ್ತೂರಿಬಾಯಿಯ ಹೊಟ್ಟೆ ಉರಿಯಿತು.

ಹಣ್ಣಿನ ಉರಿ ಏನು ಮಹಾ, ಆರುತ್ತದೆ. ನಾಗಣ್ಣ ಒಂದು ದಿನ "ಬರೋ ಸೋಮವಾರ ಹೊಂಟೇನಿ" ಎಂದಾಗ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುಬಂದಳು. ಹಿಂದಿನ ಸಲ ಅವನ ಜೊತೆಯವನೊಬ್ಬ ಬಿರುಗಾಳಿಯಲ್ಲಿ ಕಡಲಿಗೆ ಬಿದ್ದಿದ್ದ, ಹೆಣವೂ ಸಿಕ್ಕಿರಲಿಲ್ಲ.

"ನಿಮಗ ಹೆದರಿಕಿ ಅನ್ನೋದ ಇಲ್ಲೇನ್ರಿ?"

"ಈಕಿ ಕೊರಳಾಗಿರೂತನಕ ಎದರ ಹೆದರಿಕಿ?" ಎಂದು ಅವನು ಮಣಿ ಸವರಿದ.

ಓಹೋ, ಇದೋ ಸಂಗತಿ! ಮರುದಿನ ಅವನು ಸ್ನಾನಕ್ಕೆ ಕೂತಾಗ ಸರ ಗೂಟದಲ್ಲಿತ್ತು. ಕಸ್ತೂರಿಬಾಯಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಸರಸರ ಹೊಳೆಗೆ ನಡೆದಳು, ಬೀಸಿ ಒಗೆದಳು. ಸರ ಇಲ್ಲದಿದ್ದರೆ ಹೆದರಿಕೆ ಬರುತ್ತದೆ, ಹೆದರಿಕೆ ಬಂದರೆ ಗಂಡಸು ಮನೆಯಲ್ಲಿ ಕೂರುತ್ತಾನೆ. ಅವಳ ಲೆಕ್ಕ ಅಷ್ಟೇ.

ಅವನು ಕೇಳಿದಾಗ ಮುಚ್ಚಿಡಲಿಲ್ಲ. "ಹೊಳಿಗೆ ಒಗದೇನಿ. ಏನ್ ಮಾಡ್ತೀರಿ ಮಾಡ್ರಿ."

ಬೈಯುತ್ತಾನೆ, ಹೊಡೆಯಲೂಬಹುದು ಎಂದುಕೊಂಡಿದ್ದಳು. ನಾಗಣ್ಣ ಕೊರಳಲ್ಲಿ ಮಣಿಸರವಿದ್ದ ಜಾಗ ಮುಟ್ಟಿ ನೋಡಿಕೊಂಡು, "ಆಕೀದು ಆಕಿಗೆ ಮುಟ್ಟೇತಿ ಬಿಡು" ಎಂದಷ್ಟೇ ಹೇಳಿದ. ಸೋಮವಾರ ಟ್ರಂಕು ಹೊತ್ತು ನಿಂತೇಬಿಟ್ಟ.

"ಅಲ್ರಿ, ಈಗರೆ ಹೆದರಿಕಿ ಆಗವಲ್ದೇನ್ರಿ?" ಬಸ್ಸಿನ ಬಾಗಿಲಲ್ಲಿ ಅವಳು ಅವನ ತೋಳು ಹಿಡಿದಳು.

"ಆಗಾಕತ್ತೈತಿ, ಕಸ್ತೂರಿ. ಆದ್ರ ಕೆಲಸ ಬಿಡಾಕ ಬರತೈತೇನು?" ಎಂದು ಹತ್ತಿದ.

ಅಯ್ಯೋ ಶಿವನೇ! ಹೊರಟವನನ್ನು ಹಿಡಿಯಲು ಹೋಗಿ, ಅವನನ್ನು ಕಾಪಾಡುತ್ತಿದ್ದ ತಾಯಿಯನ್ನೇ ಕಿತ್ತು ಒಗೆದಿದ್ದಳು. ಅಲ್ಲಿಂದ ಓಡಿದವಳು ಭಾಗ್ಯವಂತಿಯ ಹೊಸ್ತಿಲ ಬಳಿ ಗಕ್ಕನೆ ನಿಂತಳು. ದಿನಾ ಭಕ್ತರಿಗೆ ತಾನೇ ಹೇಳುವ ಮಾತು ಅಡ್ಡ ಬಂದಿತ್ತು: "ಮುನಿದ ದೇವರನ್ನ ಆ ದೇವರ ಹತ್ರನೇ ಬೇಡ್ಕೋಬೇಕು. ಇನ್ನೊಬ್ರ ವಶೀಲಿ ನಡಿಯಂಗಿಲ್ಲ." ಆದರೆ ಆಕೆಯ ಗುಡಿ ಎಲ್ಲಿ? ಯಾವ ಮಂತ್ರ, ಯಾವ ಆರತಿ? ಆಕೆ ಕನ್ನಡ ಬಲ್ಲಳೋ ಇಲ್ಲವೋ?

ಶನಿವಾರ ಅಂಗಡಿಗೆ ಬೀಗ ಹಾಕಿ, ಕಲ್ಲಂಗಡಿ, ಕಾಕಂಬಿ ತೆಗೆದುಕೊಂಡು ಹೊಳೆಗೆ ಇಳಿದಳು. ನೀಲಿ ಬಳೆಗೆಂದು ಅಂಗಡಿಯ ಡಬ್ಬಿಗಳನ್ನೆಲ್ಲ ಸುರಿದು ಹುಡುಕಿದ್ದಳು. ಭಾಗ್ಯವಂತಿಯ ಊರಿನಲ್ಲಿ ನೀಲಿ ಯಾರು ಕೊಳ್ಳುತ್ತಾರೆ? ಇದ್ದದ್ದೆಲ್ಲ ಹಸಿರು.

"ತಾಯೀ, ನೀಲಿ ಸಿಗಲಿಲ್ಲ, ಹಸಿರ ತಂದೇನಿ, ಸಿಟ್ಟಾಗಬ್ಯಾಡ" ಎಂದು ಬಳೆ ಬಿಟ್ಟಳು, ಹಣ್ಣು ನೂಕಿದಳು. ಹಣ್ಣು ತೇಲಿ ತಿರುಗಿ ಅವಳ ಕಾಲಿಗೇ ಬಂದು ತಾಗಿತು. ಮತ್ತೆ ನೂಕಿದಳು, ಮತ್ತೆ ಬಂತು. ಇದು ಸಿಟ್ಟೋ, ಒಲ್ಲೆನೆಂಬ ಮಾತೋ, ಬರೀ ಎದುರುಗಾಳಿಯೋ? ದೇವರುಗಳ ನಡುವೆಯೇ ಬದುಕು ಕಳೆದವಳಿಗೆ ಒಂದೂ ಅರ್ಥವಾಗಲಿಲ್ಲ. ಹಣ್ಣನ್ನು ಕೂಸಿನಂತೆ ಅವಚಿಕೊಂಡು ಸೊಂಟದ ತನಕ ನೀರಿಗೆ ನಡೆದಳು.

"ಒಗದಾಕಿ ನಾನು. ಸಿಟ್ಟೆಲ್ಲ ನನ್ನ ಮ್ಯಾಲ ತೀರಿಸ್ಕೋ. ಅವರನ್ನ ಕಾಯಿ."

ಅವಳು ಕೈಬಿಟ್ಟ ಹಣ್ಣು ನಡುಹೊಳೆಯ ಸೆಳವಿಗೆ ಸಿಕ್ಕು ಮೆಲ್ಲಗೆ ದೂರವಾಯಿತು.

ದಂಡೆಯಲ್ಲಿ ಹೂಬುಟ್ಟಿ ಹಿಡಿದು ನಿಂತಿದ್ದ ಉಸ್ಮಾನಸಾಬ ಈ ಸಲ ನಗಲಿಲ್ಲ. "ಯಾರಿಗೆ ಬಿಟ್ಟಿ ಅಕ್ಕಾ? ನಮ್ಮ ಭಾಗ್ಯವಂತಿಗೋ, ಆಕಿಗೋ?"

"ನನಗೆಲ್ಲಿ ಗೊತ್ತಪಾ," ಕಸ್ತೂರಿಬಾಯಿ ತಿರುಗಿ ನೋಡಲಿಲ್ಲ. "ಯಾರ್ ಕೇಳಿಸ್ಕೊಂಡ್ರೋ ಅವರಿಗೆ."

ಹಣ್ಣು ಕಾಣದಾದ ಮೇಲೂ ಅವಳು ನೀರಿನಲ್ಲೇ ನಿಂತಿದ್ದಳು.