ಬೋಲ್ಟ್ ಬಿಟ್ಟು ಬೆಲೆ

ನಾನು ರೇಸ್ ಎಂಜಿನ್ನಿನ ಒಂದು ಕನೆಕ್ಟಿಂಗ್ ರಾಡು. ಹೆಸರು ಕೇಳಿ ಗಾಬರಿಯಾಗಬೇಡಿ, ಕೆಲಸ ಸರಳ. ಎಂಜಿನ್ನಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಜಿಗಿಯುತ್ತಿರುತ್ತದೆ. ಅದರ ಕೆಳಗೆ ಕ್ರ್ಯಾಂಕ್ ಗಿರಗಿರನೆ ತಿರುಗುತ್ತಿರುತ್ತದೆ. ಒಬ್ಬನಿಗೆ ಜಿಗಿತ ಬಿಟ್ಟು ಬೇರೆ ತಿಳಿಯದು, ಇನ್ನೊಬ್ಬನಿಗೆ ತಿರುಗುವುದು ಬಿಟ್ಟು ಬೇರೆ ಬಾರದು. ನಡುವೆ ನಿಂತು ಇಬ್ಬರನ್ನೂ ಹಿಡಿದುಕೊಂಡಿರುವುದು ನಾನು. ಮೇಲಿನವನ ಗುದ್ದೂ ನನಗೇ, ಕೆಳಗಿನವನ ಜಗ್ಗಾಟವೂ ನನಗೇ. ದೊಡ್ಡ ಮನೆಯ ಹಿರಿಸೊಸೆಯ ಪಾಡು ಅಂದುಕೊಳ್ಳಿ.

ಆಫೀಸಿಗೆ ಹೋಗಿಬರುವ ಕಾರುಗಳಲ್ಲೂ ನನ್ನ ಜಾತಿಯವರಿದ್ದಾರೆ. ಅವರದು ಆರಾಮದ ಜೀವನ. ನಾನು ಹಾಗಲ್ಲ, ರೇಸಿಗೆಂದೇ ಹುಟ್ಟಿದವನು ಎಂಬ ಜಂಬ ಒಂದು ಕಾಲಕ್ಕೆ ನನಗೆ ಬೇಕಾದಷ್ಟಿತ್ತು. ಈಗ ಅದೆಲ್ಲ ಇಳಿದಿದೆ.

ಹುಟ್ಟಿದ್ದು ಬೆಳಗಾವಿಯ ಉದ್ಯಮಬಾಗದಲ್ಲಿ, ತಗಡಿನ ಮಾಡಿನ ಒಂದು ಶೆಡ್ಡಿನಲ್ಲಿ. ಕೆಂಪಗೆ ಕಾದ ಉಕ್ಕಿನ ತುಂಡಾಗಿದ್ದ ನನ್ನನ್ನು ಪಕ್ಕದ ಕಾರ್ಖಾನೆಯ ದೊಡ್ಡ ಸುತ್ತಿಗೆಯ ಕೆಳಗೆ ಬಡಿದು ತಂದು, ಕೆತ್ತಿ, ಕೊರೆದು, ಕಾಸಿ, ಎಣ್ಣೆಯಲ್ಲಿ ಅದ್ದಿ ಮನುಷ್ಯನನ್ನಾಗಿ ಮಾಡಿದವನು ಕಾಳಪ್ಪ ಪತ್ತಾರ. ಅವನ ಅಪ್ಪ ಅದೇ ಊರಿನ ಶಹಾಪುರ ಪೇಟೆಯಲ್ಲಿ ಬಂಗಾರದ ಕೆಲಸ ಮಾಡುತ್ತಿದ್ದನಂತೆ. ಮಗನಿಗೆ ಬಂಗಾರ ಒಗ್ಗಲಿಲ್ಲ, ಕಬ್ಬಿಣ ಹಿಡಿಸಿತು. ಆದರೆ ಕೈ ಮಾತ್ರ ಅಕ್ಕಸಾಲಿಗರದೇ. ನಾಲ್ಕು ರಾಡಿಗೆ ಒಂದು ಸೆಟ್ಟು. ನಾಲ್ಕರ ತೂಕವೂ ಒಂದೇ ಇರಬೇಕು. ಯಾರು ಎಲ್ಲರಿಗಿಂತ ಹಗುರವೋ ಅವನ ತೂಕಕ್ಕೆ ಉಳಿದ ಮೂವರನ್ನೂ ಉಜ್ಜಿ ಉಜ್ಜಿ ಇಳಿಸುತ್ತಿದ್ದ. ನಾನು ಹುಟ್ಟಾ ದಪ್ಪಗಿದ್ದವನು, ಹೆಚ್ಚು ಉಜ್ಜಿಸಿಕೊಂಡೆ. ಕೊನೆಗೆ ನನ್ನ ಮಗ್ಗುಲಿಗೆ ಮೂರು ಎಂಬ ಅಂಕಿ ಒತ್ತಿದ, ಅದರ ಪಕ್ಕದಲ್ಲಿ ಕನ್ನಡದ 'ಕಾ' ಎಂಬ ಅಕ್ಷರ ಒತ್ತಿದ. ಅದು ಅವನ ಗುರುತು. ಆ ಅಚ್ಚನ್ನು ತಾನೇ ಕೂತು ಕೆತ್ತಿಕೊಂಡಿದ್ದ. ಅದನ್ನು ಒತ್ತುವಾಗ ಅವನ ಮುಖದಲ್ಲಿ ಒಂದು ಖುಷಿ ಕಾಣುತ್ತಿತ್ತು. ಮಗುವಿಗೆ ಹೆಸರಿಡುವವರ ಮುಖದಲ್ಲೂ ಅದನ್ನು ಕಾಣಬಹುದು.

ಬೋಲ್ಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕ್ರ್ಯಾಂಕನ್ನು ಅಪ್ಪಿಕೊಳ್ಳುವ ನನ್ನ ಕೆಳಗಿನ ಕಣ್ಣು ಎರಡು ಹೋಳಾಗಿರುತ್ತದೆ. ಮೇಲಿನ ಹೋಳು ನನ್ನ ಮೈಯದೇ, ಕೆಳಗಿನದು ಟೋಪಿ. ಎರಡನ್ನೂ ಸೇರಿಸಿ ಬಿಗಿಯುವುದು ಎರಡು ಬೋಲ್ಟು. ರೇಸಿನ ಬೋಲ್ಟು ಹೊರದೇಶದಿಂದ ಬರಬೇಕು, ಒಂದು ಸೆಟ್ಟಿನ ಬೋಲ್ಟಿಗೇ ರಾಡುಗಳಷ್ಟು ಖರ್ಚು. ಕಾಳಪ್ಪ ಆ ಬೋಲ್ಟುಗಳನ್ನು ಬಿಗಿದ ಮೇಲೆಯೇ ನಮ್ಮ ಕಣ್ಣು ಕೊರೆಯುತ್ತಿದ್ದ, ಆಗ ಮಾತ್ರ ಅದು ದುಂಡಗಾಗುತ್ತದೆ. ಬೇರೆ ಬೋಲ್ಟು ಹಾಕಿದರೆ ಆ ದುಂಡು ಕೆಡುತ್ತದೆ, ಬಿಗಿಯೂ ನಿಲ್ಲುವುದಿಲ್ಲ. ಇದು ಅವನಿಗೆ ಗೊತ್ತಿಲ್ಲದ ಮಾತಲ್ಲ.

ರಾಡು ಮಾಡುವುದರಲ್ಲಿ ಪಳಗಿದ್ದ ಕಾಳಪ್ಪ ಬೆಲೆ ಕಟ್ಟುವುದರಲ್ಲಿ ಶುದ್ಧ ಹಸುಗೂಸು. ಉಕ್ಕು, ಕುಲುಮೆ, ಕರೆಂಟು, ಬೋಲ್ಟು ಎಂದು ಕೂಡಿಸುತ್ತಿದ್ದ, ಮೇಲೆ ಚಿಟಿಕೆಯಷ್ಟು ಲಾಭ ಉದುರಿಸುತ್ತಿದ್ದ. ಕೆಟ್ಟು ಮೂಲೆಗೆ ಬಿದ್ದ ರಾಡುಗಳು ಲೆಕ್ಕಕ್ಕಿರಲಿಲ್ಲ. ತನ್ನ ದುಡಿಮೆಯಂತೂ ಲೆಕ್ಕದಲ್ಲೇ ಇರಲಿಲ್ಲ. ಹಾಗಾಗಿ ಅವನ ಸೆಟ್ಟು ಹೊರದೇಶದ ಸೆಟ್ಟಿನ ಕಾಲು ಭಾಗಕ್ಕೆ ಸಿಗುತ್ತಿತ್ತು. ಕಡಿಮೆ ಬೆಲೆಗೆ ಜನ ಮುಗಿಬೀಳುತ್ತಾರೆ ಎಂದುಕೊಂಡಿದ್ದ. ಆದದ್ದು ತಿರುವುಮುರುವು.

ಫೋನು ಎತ್ತುವುದು, ಪಾರ್ಸೆಲ್ ಕಟ್ಟುವುದು ಅವನ ಹೆಂಡತಿ ನಾಗರತ್ನಾಳ ಪಾಲಿಗೆ ಬಂದಿತ್ತು. ಒಂದು ದಿನ ಫೋನು ಕೆಳಗಿಟ್ಟವಳೇ ಸಿಡಿದಳು.

"ಮತ್ತ ಅದ ಮಾತ್ರೀ. ಇಷ್ಟ ಕಮ್ಮಿ ಯಾಕ, ಒಳಗ ಏನರ ಐಬು ಐತೇನು ಅಂತ ಕೇಳ್ತಾರ. ರೇಟು ಏರಸ್ರಿ ಅಂತ ಎಷ್ಟ ಸಲ ಬಡ್ಕೊಂಡೇನಿ ನಾ?"

"ಏರಿಸಿದ್ರ ಹೊರಗಿಂದ ತಗೋತಾರ ಬಿಡು," ಎಂದ ಕಾಳಪ್ಪ.

"ಈಗೇನ ನಿಮ್ಮ ಕಡೆ ತಗೊಳ್ಳಾಕತ್ತಾರೇನು?"

ಕಾಳಪ್ಪ ಮತ್ತೆ ಉಜ್ಜುವ ಕೆಲಸಕ್ಕೆ ತಿರುಗಿದ. ರೊಕ್ಕ ಇದ್ದವರಿಗೆ ನಾವು ತೀರಾ ಅಗ್ಗ, ಇಲ್ಲದವರಿಗೆ ತುಟ್ಟಿ. ಅವರಿಗಾಗಿ ಚೀನಾದಿಂದ ನಮ್ಮದಕ್ಕಿಂತ ಅಗ್ಗದ ನಕಲು ಬರುತ್ತಿತ್ತು. ನಾವು ನಾಲ್ವರೂ ಎಣ್ಣೆ ಬಟ್ಟೆ ಸುತ್ತಿಕೊಂಡು ಕಪಾಟಿನಲ್ಲಿ ಬಿದ್ದಿದ್ದೆವು. ಈ ಸೀಸನ್ನಿನಲ್ಲಿ ರಾಡು ಹೋಗದಿದ್ದರೆ ಶೆಡ್ಡು ಮುಚ್ಚಿ ತಾನು ಮೊದಲು ದುಡಿದಿದ್ದ ಹಳೆ ಕಾರ್ಖಾನೆಯಲ್ಲಿ ಮತ್ತೆ ಕೆಲಸ ಕೇಳಬೇಕು ಎಂದು ಅವನು ಹೆಂಡತಿಯ ಹತ್ತಿರ ಹೇಳಿದ್ದನ್ನು ನಾನು ಕೇಳಿದ್ದೇನೆ. ಅವನಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. ತನ್ನ ಅಕ್ಷರ ಹೊತ್ತ ರಾಡು ರೇಸಿನಲ್ಲಿ ಓಡಬೇಕು, ಅದರಿಂದ ಮನೆ ನಡೆಯಬೇಕು, ಅಷ್ಟೆ.

ಅಷ್ಟರಲ್ಲಿ ಮಂಗಳೂರಿನಿಂದ ಡೆರಿಕ್ ಮಿನೇಜಸ್ ಬಂದ. ರ್‍ಯಾಲಿ ಕಾರುಗಳ ಗ್ಯಾರೇಜಿನವನು. ನನ್ನನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಮನುಷ್ಯನಿಗೆ ಮಾಲು ಗೊತ್ತಿತ್ತು. ಮೈ ಸವರಿದ ರೀತಿಯಲ್ಲೇ ನನಗೆ ತಿಳಿಯಿತು.

"ಒಳ್ಳೆ ಕೆಲಸ ಪತ್ತಾರ್ರೇ. ಸುಳ್ಳು ಹೇಳುದಿಲ್ಲ ನಾನು. ಆದ್ರೆ ರೇಟು ಆಗುದಿಲ್ಲ ಮಾರಾಯ್ರೆ. ನನ್ನ ಗಿರಾಕಿಗಳು ಚೀನಾದ್ದು ತೋರಿಸಿ ಅದಕ್ಕಿಂತ ಹೆಚ್ಚು ಯಾಕೆ ಅಂತ ಕೇಳ್ತಾರೆ. ಒಂದು ಕೆಲಸ ಮಾಡಿ. ಬೋಲ್ಟ್ ಬಿಟ್ಟು ಬೆಲೆ ಹೇಳಿ. ಬೋಲ್ಟ್ ನಾನು ಹಾಕಿಕೊಳ್ತೇನೆ. ಸೀಸನ್ ಪೂರ್ತಿ ನಿಮ್ಮದೇ ಮಾಲು ತಗೊಳ್ತೇನೆ."

ಸೀಸನ್ ಪೂರ್ತಿ ಎಂಬ ಮಾತು ಕಾಳಪ್ಪನ ಕಿವಿಗೆ ಬಿದ್ದದ್ದೇ ತಡ, ಅವನ ಬುದ್ಧಿ ಅಲ್ಲೇ ಜಾರಿತು. ಚಹಾ ತಂದ ನಾಗರತ್ನಾ ಬಾಗಿಲಲ್ಲೇ ನಿಂತು ಕೇಳಿದಳು, "ಬೋಲ್ಟ್ ಇಲ್ದ ಹ್ಯಾಂಗ ಕೊಡ್ತೀರಿ? ಅವನ್ನ ಬಿಗದ ಕೊರದಿರಲ್ಲ?"

"ಅವ್ರಿಗೆ ಗೊತ್ತಿಲ್ಲೇನು? ಅದ ಕಂಪನಿದು ಹಾಕ್ಕೋತಾರ," ಎಂದ ಕಾಳಪ್ಪ. ಡೆರಿಕನ ಕಡೆ ತಿರುಗಿ, "ಅದ ಬೋಲ್ಟ್ ಹಾಕ್ಬೇಕ ಮತ್ತ, ಬ್ಯಾರೆ ನಡಿಯೂದಿಲ್ಲ," ಎಂದ.

"ಎಂತ ಪತ್ತಾರ್ರೇ, ನಾನೇನು ಹೊಸಬನಾ?" ಡೆರಿಕ್ ನಕ್ಕ.

ಕಾಳಪ್ಪ ನಮ್ಮ ಬೋಲ್ಟುಗಳನ್ನು ಬಿಚ್ಚಿ ಮುಂದಿನ ಸೆಟ್ಟು ಕೊರೆಯಲೆಂದು ಡಬ್ಬಿಗೆ ಹಾಕಿಕೊಂಡ. ಟೋಪಿಗಳನ್ನು ದಾರದಿಂದ ಕಟ್ಟಿ ನಮ್ಮನ್ನು ಕಳಿಸಿಕೊಟ್ಟ. ಬೋಲ್ಟಿಲ್ಲದೆ ಹೊರಟಾಗ ಮೈಯೆಲ್ಲ ಸಡಿಲವಾದಂತಿತ್ತು. ಆದರೂ ಖುಷಿಯಾಗಿಯೇ ಹೋದೆ ಅನ್ನಿ. ಕಪಾಟಿನಿಂದ ಬಿಡುಗಡೆಯಾಯಿತಲ್ಲ!

ಡೆರಿಕ್ ಕೆಟ್ಟವನಲ್ಲ. ಹೇಳಿದ ಮಾತಿನಂತೆ ಅದೇ ಕಂಪನಿಯ ಬೋಲ್ಟಿಗೆ ಆರ್ಡರ್ ಮಾಡಿದ್ದ. ಆದರೆ ಪಾರ್ಸೆಲ್ಲು ಎಲ್ಲೋ ಕಸ್ಟಮ್ಸಿನಲ್ಲಿ ಕೂತುಬಿಟ್ಟಿತು, ರ್‍ಯಾಲಿ ಎದುರಿಗೆ ಬಂದು ನಿಂತಿತು. ಕಾರು ಶೈಲೇಶ್ ಕೊಟ್ಟಾರಿ ಎಂಬ ಹುಡುಗನದು. ಮೀನಿನ ಲಾರಿಗಳ ವ್ಯವಹಾರದ ಮನೆಯವನು, ಮದುವೆ ನಿಶ್ಚಯವಾಗಿತ್ತು, ಮದುವೆಗೆ ಮೊದಲು ಒಂದು ಸೀಸನ್ ಓಡಿಸಿಬಿಡುತ್ತೇನೆ ಎಂದು ಮನೆಯಲ್ಲಿ ಒಪ್ಪಿಸಿ ಬಂದಿದ್ದ. ದಿನಾ ಗ್ಯಾರೇಜಿಗೆ ಬಂದು "ಆಯ್ತಾ ಡೆರಿಕಣ್ಣ?" ಎಂದು ಕೇಳುತ್ತಿದ್ದ. ಕೊನೆಗೆ ಡೆರಿಕ್ ಒಂದು ಡೀಸೆಲ್ ವ್ಯಾನಿನ ಎಂಜಿನ್ ಬಿಚ್ಚಿದ. ಅದರ ಬೋಲ್ಟು ನಮ್ಮ ತೂತಿಗೆ ಕೂತಿತು. ಥ್ರೆಡ್ಡಿನ ಸುತ್ತೂ ಹಿಡಿಯಿತು. "ಪಾರ್ಸೆಲ್ ಬಂದ ಕೂಡಲೆ ಬದಲಿಸಿದರಾಯ್ತು," ಎಂದು ತನಗೆ ತಾನೇ ಹೇಳಿಕೊಂಡು ಬಿಗಿದ. ಬಿಗಿಯುತ್ತಿದ್ದಂತೆಯೇ ನನ್ನ ಕಣ್ಣು ತುಸು ಮೊಟ್ಟೆಯಾಕಾರಕ್ಕೆ ತಿರುಗಿದ್ದು ನನಗೆ ಗೊತ್ತಾಯಿತು. ಕೂಗಲು ನನಗೆ ಬಾಯಿಲ್ಲ.

ಮೊದಲ ರ್‍ಯಾಲಿಯಲ್ಲಿ ನಾವು ಗೆದ್ದೆವು. ಗುಡ್ಡದ ಮಣ್ಣಿನ ರಸ್ತೆಯಲ್ಲಿ ಆ ಎಂಜಿನ್ನು ಹಾಡಿದ್ದನ್ನು ನೀವು ಕೇಳಬೇಕಿತ್ತು. ಡೆರಿಕ್ ಬೆಳಗಾವಿಗೆ ಫೋನ್ ಮಾಡಿ, "ಪತ್ತಾರ್ರೇ, ನಿಮ್ಮ ರಾಡು ಗೆದ್ದಿತು!" ಎಂದ. ಆಚೆ ಕಡೆ ಕಾಳಪ್ಪ ಹೆಂಡತಿಯನ್ನು ಕೂಗಿ ಕರೆದನಂತೆ. ಆ ವಾರವೇ ಕೊಯಮತ್ತೂರಿನಿಂದ, ಕೊಚ್ಚಿಯಿಂದ ಆರ್ಡರ್ ಬಂದವು. ಎಲ್ಲರೂ ಬೋಲ್ಟ್ ಬಿಟ್ಟು ಬೆಲೆ ಕೇಳಿದರು, ಕಾಳಪ್ಪ ಎಲ್ಲರಿಗೂ ಹಾಗೇ ಕೊಟ್ಟ.

ಗೆದ್ದ ಎಂಜಿನ್ನನ್ನು ಯಾರಾದರೂ ಬಿಚ್ಚುತ್ತಾರೆಯೇ? ಪಾರ್ಸೆಲ್ಲು ಬಂತು, ಗ್ಯಾರೇಜಿನ ಮೂಲೆಯಲ್ಲಿ ಹಾಗೇ ಇತ್ತು. ಎರಡನೆಯ ರ್‍ಯಾಲಿಯ ಕೊನೆಯ ಇಳಿಜಾರಿನಲ್ಲಿ ನನ್ನ ಪಕ್ಕದ ಎರಡನೆಯ ನಂಬರಿನವನ ಬೋಲ್ಟು ಕತ್ತರಿಸಿಹೋಯಿತು. ಅವನ ಟೋಪಿ ಹಾರಿತು, ಅವನು ಎರಡು ತುಂಡಾಗಿ ಎಂಜಿನ್ನಿನ ಗೋಡೆ ಒಡೆದು ಹೊರಗೆ ಬಿದ್ದ. ಎಣ್ಣೆಯೆಲ್ಲ ಚಕ್ರದ ಕೆಳಗೆ ಹರಿಯಿತು. ಕಾರು ಅಡ್ಡ ತಿರುಗಿ ಮರಕ್ಕೆ ಬಡಿಯಿತು. ಶೈಲೇಶ ಅರಚಿದ್ದು ಈಗಲೂ ನನಗೆ ಕೇಳಿಸುತ್ತದೆ. ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ನಿಶ್ಚಯವಾದ ಮದುವೆ ಏನಾಯಿತೆಂದು ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ, ನಾನೂ ಊಹಿಸಿಕೊಳ್ಳಲು ಹೋಗಲಿಲ್ಲ.

ಮರುದಿನ ತುಂಡಾದವನ ಫೋಟೊ ರೇಸಿನವರ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಮಗ್ಗುಲಿನ 'ಕಾ' ಸ್ಪಷ್ಟವಾಗಿ ಕಾಣುತ್ತಿತ್ತು. ಕತ್ತರಿಸಿಹೋದ ಬೋಲ್ಟು ಫೋಟೊದಲ್ಲಿ ಇರಲಿಲ್ಲ. ಅಗ್ಗದ ಬೆಳಗಾವಿ ರಾಡು ಹುಡುಗನ ಕಾಲು ತೆಗೆಯಿತು ಎಂದು ಜನ ಆಡಿಕೊಂಡರು. ಆರ್ಡರುಗಳೆಲ್ಲ ವಾಪಸ್ಸಾದವು.

ಕಾಳಪ್ಪ ಬಸ್ಸು ಹತ್ತಿ ಮಂಗಳೂರಿಗೆ ಬಂದ. ಗ್ಯಾರೇಜಿನಲ್ಲಿ ನಮ್ಮನ್ನು ನೋಡಿದ. ನನ್ನ ಕಣ್ಣಿನಲ್ಲಿ ಇನ್ನೂ ಇದ್ದ ಬೋಲ್ಟನ್ನು ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡ.

"ಇದ ವ್ಯಾನಿನ ಬೋಲ್ಟ್ ಅಲ್ರೀ?"

ಡೆರಿಕ್ ಬಾಗಿಲು ಮುಚ್ಚಿ ಬಂದು ಎದುರಿಗೆ ಕೂತ. "ಹೌದು. ತಪ್ಪು ನಂದೇ. ನಿಮ್ಮ ಹತ್ರ ಸುಳ್ಳು ಹೇಳಿ ಎಂತ ಪ್ರಯೋಜನ? ಆದ್ರೆ ಹೊರಗೆ ನಾನು ಹಾಗೆ ಹೇಳಿದ್ರೆ ಈ ಗ್ಯಾರೇಜಿಗೆ ಮತ್ತೆ ಯಾರು ಬರ್ತಾರೆ? ಇಲ್ಲಿ ಆರು ಮನೆ ಊಟ ಉಂಟು ಪತ್ತಾರ್ರೇ." ಮತ್ತೆ ಅವನೇ ಕೇಳಿದ, "ನಿಮಗೆ ಗೊತ್ತಿತ್ತಲ್ಲ? ಮತ್ತೆ ಬೋಲ್ಟ್ ಇಲ್ಲದೆ ಯಾಕೆ ಕೊಟ್ರಿ?"

ಕಾಳಪ್ಪ ಜಗಳಕ್ಕೆ ತಯಾರಾಗಿ ಬಂದವನು. ಆ ಪ್ರಶ್ನೆಗೆ ಜಗಳ ಅಲ್ಲೇ ಮುಗಿಯಿತು. ನಮ್ಮ ಮೂವರನ್ನು ಕೈಚೀಲಕ್ಕೆ ಹಾಕಿಕೊಂಡು ಎದ್ದ. ಆಸ್ಪತ್ರೆಯ ಗೇಟಿನವರೆಗೆ ಹೋದ, ಶೈಲೇಶನನ್ನು ನೋಡಲು ಧೈರ್ಯವಾಗದೆ ತಿರುಗಿದ. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದ. ಅವನ ಮೇಲೆ ನನಗೆ ಸಿಟ್ಟಿತ್ತು, ಅದಕ್ಕಿಂತ ಹೆಚ್ಚು ಕನಿಕರವಿತ್ತು.

ಆಮೇಲೆ ಅವನು ಬೋಲ್ಟ್ ಸಮೇತ ಬೆಲೆ ಬಿಟ್ಟು ಬೇರೆ ಬೆಲೆ ಹೇಳಲಿಲ್ಲ. ಹೇಳುವುದೇನೋ ಹೇಳಿದ, ಕೇಳುವವರು ಬೇಕಲ್ಲ! ಶೆಡ್ಡಿನಲ್ಲಿ ಗೇಟಿನ ಬಿಜಾಗರಿ, ಕಬ್ಬಿನ ಗಾಣದ ಬಿಡಿಭಾಗ ಅಂತ ಸಿಕ್ಕ ಕೆಲಸ ನಡೆಯಿತು. ಹಳೆ ಕಾರ್ಖಾನೆಯವರು ವಯಸ್ಸಾಯಿತು ಎಂದು ಒಲ್ಲೆವೆಂದರು.

ಹೀಗಿರುವಾಗ ಲೋಕೂರ ಎಂಬ ವ್ಯಾಪಾರಿ ಬಂದ. ಇದೇ ಊರಿನವನು, ಪುಣೆಯಲ್ಲಿ ಆಫೀಸು. ನನ್ನನ್ನೂ ಜೊತೆಯವರನ್ನೂ ನೋಡಿ ತಲೆದೂಗಿದ.

"ಮಾಲು ಫಸ್ಟ್ ಕ್ಲಾಸ್ ಐತ್ರಿ ಪತ್ತಾರ. ನಿಮ್ಮ ಹೆಸರ ಅಷ್ಟ ಕೆಟ್ಟೈತಿ. ನೀವು ಮಾಡ್ಕೋಂತ ಹೋಗ್ರಿ, ಬೋಲ್ಟ್ ನಾ ತರಸ್ತೇನಿ, ಮ್ಯಾಲೆ ಇಂಗ್ಲಿಷ್ ಹೆಸರ ನಾ ಒತ್ತಸ್ತೇನಿ. ನಾಕ ಪಟ್ಟು ರೇಟಿಗೆ ಹೋಗ್ತಾವು. ನಿಮಗ ಮಾತ್ರ ಈಗಿನ ರೇಟ. ಈ ಕನ್ನಡ ಅಕ್ಷರ ಒಂದ ತಗದ ಬಿಡ್ರಿ."

ನಾಗರತ್ನಾ ಗಂಡನ ಮುಖ ನೋಡಿದಳು. ಮನೆ ನಡೆಸುವ ಕಷ್ಟ ಅವಳಿಗಲ್ಲದೆ ಇನ್ಯಾರಿಗೆ ಗೊತ್ತು?

ಸ್ಯಾಂಪಲ್ಲಿಗೆ ಒಂದು ರಾಡು ಬೇಕಿತ್ತು. ಕಾಳಪ್ಪ ನನ್ನನ್ನೇ ಎತ್ತಿಕೊಂಡ. ಗ್ರೈಂಡರಿಗೆ ಹಿಡಿದ. ಕಿಡಿ ಹಾರಿತು, ಅಷ್ಟೇ ಹೊತ್ತು, 'ಕಾ' ಹೋಯಿತು. ಅವನು ಆ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡಿದ. ಸುತ್ತಿಗೆಯ ಕೆಳಗೆ ಬಡಿಸಿಕೊಂಡಾಗ, ಕುಲುಮೆಯಲ್ಲಿ ಬೆಂದಾಗ ನೋಯದ ನನಗೆ ಅವತ್ತು ನೋವಾಯಿತು.

ಈಗ ಲೋಕೂರನ ಸೆಟ್ಟುಗಳು ಚೆನ್ನಾಗಿ ಹೋಗುತ್ತಿವೆ. ಎಲ್ಲೂ ಒಂದೂ ಮುರಿದ ಸುದ್ದಿಯಿಲ್ಲ. ಸ್ಯಾಂಪಲ್ ತೋರಿಸಿ ಮುಗಿದ ಮೇಲೆ ಲೋಕೂರ ನನ್ನನ್ನು ಹಿಂದಕ್ಕೆ ಕೊಟ್ಟ. ಶೆಡ್ಡಿನ ಕಿಟಕಿಯ ಕಟ್ಟೆಯ ಮೇಲೆ ತುಕ್ಕು ಹಿಡಿಯುತ್ತಾ ಇದ್ದೇನೆ. ಮೂರು ಎಂಬ ಅಂಕಿಯೊಂದು ಉಳಿದಿದೆ, ಯಾವ ಮೂರು ಎಂದು ಕೇಳಿದರೆ ಹೇಳಲು ಏನೂ ಇಲ್ಲ.

ಮೊನ್ನೆ ಡೆರಿಕನ ಫೋನು ಬಂತು. ಕಾಳಪ್ಪನ ಕೈಯೆಲ್ಲ ಎಣ್ಣೆ, ಹಾಗಾಗಿ ನಾಗರತ್ನಾ ಫೋನನ್ನು ನನ್ನ ಪಕ್ಕದಲ್ಲೇ ಇಟ್ಟು ಸ್ಪೀಕರ್ ಹಾಕಿದಳು.

"ಪತ್ತಾರ್ರೇ, ಚೆನ್ನಾಗಿದ್ದೀರಾ? ನಿಮ್ಮ ಬಗ್ಗೆ ಯೋಚನೆ ಬರ್ತಾ ಉಂಟು ಮಾರಾಯ್ರೆ, ಅದಕ್ಕೆ ಮಾಡಿದೆ. ಪುಣೆಯಿಂದ ಒಂದು ಫಾರಿನ್ ಸೆಟ್ ತರಿಸಿದೆ. ನಾಲ್ಕು ಪಟ್ಟು ರೇಟು. ಆದ್ರೆ ಕೆಲಸ ನೋಡ್ಬೇಕು ನೀವು! ನಿಮ್ಮದು ಅಗ್ಗ ಆದದ್ದೇ ಕಷ್ಟ ಆಯ್ತು, ಅಗ್ಗದ್ದಕ್ಕೆ ನಾನೂ ಅಗ್ಗದ ಬೋಲ್ಟ್ ಹಾಕಿಬಿಟ್ಟೆ. ಇದಕ್ಕೆ ಹಾಗೆ ಮಾಡ್ಲಿಕ್ಕೆ ಕೈ ಬರುದಿಲ್ಲ. ಒಂದು ಸಲ ಬಂದು ನೋಡಿ, ನಿಮಗೂ ಕಲೀಲಿಕ್ಕೆ ಆದೀತು."

ನಾಗರತ್ನಾ ಬಾಯಿಗೆ ಸೆರಗು ಹಿಡಿದು ಆಚೆ ತಿರುಗಿದಳು. ಕಾಳಪ್ಪ ಕೈ ಒರೆಸಿಕೊಂಡ.

"ಹೌದ್ರಿ," ಎಂದ. "ಅವ್ರ ಮಾಲು ಚಲೋ ಇರ್ತೈತಿ."

ಫೋನು ಇಟ್ಟ ಮೇಲೆ ಮಷೀನು ಮತ್ತೆ ಶುರು ಮಾಡಿದ. ಸಂಜೆಯ ಗಾಡಿಗೆ ಪುಣೆಗೆ ಇನ್ನೊಂದು ಸೆಟ್ಟು ಕಳಿಸುವುದಿತ್ತು.