ಮುದುಕರ ಕೀಲು

ಮಾದಿಹಳ್ಳಿಯ ಹನುಮಂತಯ್ಯನ ಸೊಂಟಕ್ಕೆ ಹೊಸ ಕೀಲು ಕೂರಿಸಿದಾಗ ಅವನಿಗಿನ್ನೂ ಇಪ್ಪತ್ತೊಂಬತ್ತು. ಗಾಡಿಯಿಂದ ಬಿದ್ದು ಎರಡು ವರ್ಷ ಗೋಡೆ ಹಿಡಿದು ಓಡಾಡಿದವನು, ಬೆಂಗಳೂರಿನ ಆಸ್ಪತ್ರೆಯಿಂದ ಬಂದು ಕೆಲವೇ ತಿಂಗಳಲ್ಲಿ ಕೋಲು ಬಿಸಾಡಿ ಗದ್ದೆಗೆ ಇಳಿದ. ಊರೇ ಮೂಗಿನ ಮೇಲೆ ಬೆರಳಿಟ್ಟಿತು. ಒಳಗಿರುವುದು ಉಕ್ಕಿನ ಗುಂಡು, ಅದು ತಿರುಗುವುದು ಪ್ಲಾಸ್ಟಿಕ್ಕಿನ ಬಟ್ಟಲಲ್ಲಿ, ಭಾರ ಹೊರಬೇಡ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ನೋವಿಲ್ಲದ ಕಾಲನ್ನು ಯಾವ ರೈತ ತಾನೇ ಜೋಪಾನ ಮಾಡುತ್ತಾನೆ?

ಅದರ ಮೇಲೆ ಹೆಂಡತಿ ರಂಗಮ್ಮನ ಹರಕೆ ಬೇರೆ. ಗಂಡ ಎದ್ದು ನಡೆದರೆ ವರ್ಷವರ್ಷವೂ ಅಕ್ಕಿ ಮೂಟೆ ಹೊರಿಸಿ ಮಾಲೇಕಲ್ಲು ಬೆಟ್ಟ ಹತ್ತಿಸುತ್ತೇನೆಂದು ವೆಂಕಟರಮಣನಿಗೆ ಬೇಡಿಕೊಂಡಿದ್ದಳು. ಕಾಲು ಕೊಟ್ಟ ದೇವರಿಗೆ ಆ ಕಾಲಲ್ಲೇ ನಡೆದು ತೋರಿಸಬೇಡವೇ? ಹನುಮಂತಯ್ಯನಿಗೂ ಅದು ಖುಷಿಯ ಕೆಲಸವೇ. ಅರ್ಧ ದಾರಿಯಲ್ಲಿ ಕೂತು ಏದುಸಿರು ಬಿಡುವ ಓರಗೆಯವರನ್ನು, "ಏನ್ಲಾ, ನಿಮ್ಗೂ ಒಂದೊಂದು ಕೀಲು ಹಾಕಿಸ್ಲಾ?" ಎಂದು ರೇಗಿಸುತ್ತ ಹತ್ತುತ್ತಿದ್ದ.

ಒಂಬತ್ತನೇ ವರ್ಷ ತೊಡೆಯಲ್ಲಿ ಸಣ್ಣಗೆ ನೋವು ಶುರುವಾಯಿತು. ಆಗಲೂ ಹತ್ತಿದ. ಇಳಿಯುವಾಗ ಇಬ್ಬರು ಹಿಡಿದುಕೊಳ್ಳಬೇಕಾಯಿತು.

ಮತ್ತೆ ಅದೇ ಆಸ್ಪತ್ರೆ. ರಂಗಮ್ಮನನ್ನು ಹೊರಗೆ ಕೂರಿಸಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಟ್ಟಲು ಸವೆದಿತ್ತು, ಕೀಲು ಸಡಿಲವಾಗಿತ್ತು, ಸುತ್ತಲಿನ ಮೂಳೆ ಗೆದ್ದಲು ತಿಂದ ತೊಲೆಯ ಹಾಗೆ ಟೊಳ್ಳಾಗಿತ್ತು.

"ಇನ್ನೊಂದು ಹಾಕ್ಬುಡಿ ಸ್ವಾಮಿ," ಎಂದ ಹನುಮಂತಯ್ಯ.

"ಅದು ಹಿಡಿದು ನಿಲ್ಲೋಕೆ ಮೂಳೆ ಬೇಕಲ್ಲಪ್ಪ. ಇದನ್ನ ಮಾಡಿದ್ದೇ ವಯಸ್ಸಾದವರಿಗೆ ಅಂತ. ಅವರು ಮನೇಲಿ ಕೂತಿರ್ತಾರೆ, ಅವರ ಆಯಸ್ಸಿಗೆ ಸಾಕಾಗುತ್ತೆ. ನಿನಗೆ ಸಾಕಾಗಲಿಲ್ಲ."

"ಬೆಟ್ಟ ಹತ್ತಿದ್ದು ತಪ್ಪಾಯ್ತಾ?"

"ವರ್ಷಕ್ಕೊಂದು ದಿನದ ಬೆಟ್ಟದಿಂದ ಏನಾಗುತ್ತೆ? ದಿನಾ ಗದ್ದೇಲಿ ದುಡಿದೆಯಲ್ಲ, ಅದಕ್ಕೆ ಸವೀತು. ಬೆಟ್ಟ ಹತ್ತದೇ ಇದ್ದಿದ್ರೂ ಹೀಗೇ ಆಗ್ತಿತ್ತು."

ಅರಸೀಕೆರೆಯ ರೈಲಿನಲ್ಲಿ ಹನುಮಂತಯ್ಯ ಕಾಲು ಚಾಚಿ ಕೂತ. ಅವನಪ್ಪ ಎಂಬತ್ತು ದಾಟಿ ಬದುಕಿದ್ದವನು. ತನಗೂ ಅಷ್ಟೇ ಆಯಸ್ಸಿದ್ದರೆ ಗತಿಯೇನು ಎಂದು ಲೆಕ್ಕ ಹಾಕಿದ. ಬದುಕಬೇಕೆಂಬ ಆಸೆಯೇ ಅವನಿಗೆ ಉಳಿದಿರಲಿಲ್ಲ.

"ಡಾಕ್ಟ್ರು ಏನಂದ್ರು?" ರಂಗಮ್ಮ ಮೆಲ್ಲಗೆ ಕೇಳಿದಳು.

"ಸವೆದೋಗೈತಂತೆ. ಇನ್ನೊಂದು ಹಾಕಕ್ಕಾಗಕಿಲ್ವಂತೆ."

ರೈಲು ತಿಪಟೂರು ದಾಟಿತು. ಆಮೇಲೆ ಅವನ ಮುಖ ನೋಡದೆಯೇ ಕೇಳಿದಳು.

"ನಾನು ಬೆಟ್ಟ ಹತ್ತಿಸಿದ್ದಕ್ಕೇನ್ರೀ?"

ಅಲ್ಲ ಕಣೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ದುಡಿದು ತಿಂದದ್ದೇ ತಪ್ಪು ಅಂದರೆ ಯಾರನ್ನು ಬೈಯುವುದು? ಯಾರಾದರೂ ಒಬ್ಬರು ಬೇಕಿತ್ತು ಅವನಿಗೆ.

"ಹೂಂ," ಎಂದುಬಿಟ್ಟ.

ರಂಗಮ್ಮ ಅಳಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದಳು. ಈಗಲಾದರೂ ನಿಜ ಹೇಳಬೇಕು ಎಂದು ಅವನಿಗೆ ಎರಡು ಸಲ ಅನ್ನಿಸಿತು. ಹೇಳಲಿಲ್ಲ.

ಅರಸೀಕೆರೆಯಲ್ಲಿ ಅವಳೇ ಮೊದಲು ಇಳಿದು, ಬೋಗಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ನನ್ ಹೆಗಲ್ ಮ್ಯಾಲೆ ಭಾರ ಬುಟ್ಟು ಇಳೀರಿ," ಎಂದಳು. "ಮಾಡಿದೋಳು ನಾನು, ಹೊರಬೇಕಾದೋಳೂ ನಾನೇ ಅಲ್ವಾ."

ಹನುಮಂತಯ್ಯ ಎರಡೂ ಕೈ ಅವಳ ಹೆಗಲ ಮೇಲೆ ಊರಿ, ಪೂರ್ತಿ ಭಾರ ಬಿಟ್ಟು ಇಳಿದ.