ದೀಪ ಕಾಯ್ದ ಶುಕ್ರವಾರ

ಶುಕ್ರವಾರ ದೀಪ ಹಚ್ಚಿದ ಮೇಲೆ ಪಾರ್ವತಿಯ ಮನೆಯಿಂದ ದುಡ್ಡು ಹೊರಗೆ ಹೋಗುವುದಿಲ್ಲ. ಹಾಲಿನವನು ಬರಲಿ, ದುರ್ಗಾಪೂಜೆಯ ಚಂದಾಕ್ಕೆ ಓಣಿಯ ಹುಡುಗರು ಬರಲಿ, ‘ಕಾಲ್ ಏಶೋ’ ಎಂದು ನಾಳೆಗೆ ಸಾಗಹಾಕುವಷ್ಟು ಬಂಗಾಳಿಯನ್ನು ಅವಳು ಧಾರವಾಡದಿಂದ ಬಂದ ಮೊದಲ ತಿಂಗಳೇ ಕಲಿತಿದ್ದಳು. ಮಂಗಳವಾರವಂತೂ ಇಡೀ ದಿನ ಕೊಡುವ ಮಾತಿಲ್ಲ. ಅಮಾವಾಸ್ಯೆಗೂ ಇಲ್ಲ. ಲಕ್ಷ್ಮಿಗೆ ಇಷ್ಟೊಂದು ಕಾವಲು ಹಾಕಿದವರು ಕಸ್ಬಾ ಬಡಾವಣೆಯಲ್ಲಿ ಇನ್ನೊಬ್ಬರಿದ್ದಂತಿಲ್ಲ.

ಈ ವಾರ ಆ ಕಾವಲೇ ಅವಳ ಕುತ್ತಿಗೆಗೆ ಬಂದಿತ್ತು. ಮಗಳು ಪ್ರತೀಕ್ಷಾಳ ಹೆಸರು ಕಾಲೇಜಿನ ಪಟ್ಟಿಯಲ್ಲಿ ಬಂದದ್ದು ಮಂಗಳವಾರ. ಸಂಖ್ಯಾಶಾಸ್ತ್ರದ ಆನರ್ಸ್, ಹುಡುಗಿ ಎರಡು ವರ್ಷದಿಂದ ಅದನ್ನೇ ಕನವರಿಸುತ್ತಿದ್ದಳು. ಶುಕ್ರವಾರ ಸಂಜೆ ಏಳರೊಳಗೆ ಆನ್‌ಲೈನಿನಲ್ಲಿ ಫೀಸು ಕಟ್ಟಬೇಕು, ಇಲ್ಲವಾದರೆ ಸೀಟು ಮುಂದಿನವರ ಪಾಲು.

ಗಂಡ ಶರಣಪ್ಪ ಗೂಡ್ಸ್ ರೈಲಿನ ಗಾರ್ಡ್. ರೈಲ್ವೆ ಸೊಸೈಟಿಯಲ್ಲಿ ಸಾಲ ತೆಗೆಯುತ್ತೇನೆ ಎಂದಾಗ ಪಾರ್ವತಿ ಕೈಯಾಡಿಸಿ ಬೇಡವೆಂದಿದ್ದಳು. ಊರುಬಿಟ್ಟು ಬಂದು ಕಸ್ಬಾದ ಆಫೀಸುಗಳಲ್ಲಿ ದುಡಿಯುವ ಕನ್ನಡದ ಹುಡುಗ ಹುಡುಗಿಯರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಮಾಡಿ ಕಳಿಸಿ ಅವಳು ಕೂಡಿಟ್ಟ ಹಣ ಬ್ಯಾಂಕಿನಲ್ಲಿತ್ತು. ಮಗಳ ಮೊದಲ ಫೀಸು ತನ್ನ ಕೈಯಿಂದಲೇ ಆಗಬೇಕು ಎಂದು ಅವಳು ಹಟ ಹಿಡಿದಿದ್ದಳು. ಮಂಗಳವಾರ ಬೇಡ ಎಂದಳು. ಬುಧವಾರ ಅಮಾವಾಸ್ಯೆ. ಗುರುವಾರ ಕಟ್ಟಲು ಕೂತರೆ ಬ್ಯಾಂಕಿನ ಸರ್ವರ್ ದಿನವಿಡೀ ಮಲಗಿತ್ತು. ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಲ್ಯಾಪ್‌ಟಾಪಿನ ಮುಂದೆ ಮಗಳ ಪಕ್ಕ ಕೂತಾಗ ಹೊಸ ಪೇಚು ಎದುರಾಯಿತು.

ಖಾತೆ ಪಾರ್ವತಿಯದು, ಆದರೆ ಅದಕ್ಕೆ ಜೋಡಿಸಿದ ಫೋನ್ ನಂಬರು ಶರಣಪ್ಪನದು. ಖಾತೆ ತೆರೆದ ದಿನ ‘ನಿನಗ್ಯಾಕ ಆ ತಲಿನೋವು’ ಎಂದು ಅವನೇ ಬರೆಸಿದ್ದ. ಓಟಿಪಿ ಹೋಗುವುದು ಅವನ ಫೋನಿಗೆ. ಅವನು ನಸುಕಿನಲ್ಲೇ ಡ್ಯೂಟಿಗೆ ಹೋಗಿಯಾಗಿತ್ತು, ಮತ್ತು ಡ್ಯೂಟಿಯ ಮೇಲೆ ಫೋನ್ ಆರಿಸಿಡಬೇಕೆಂದರೆ ಆರಿಸಿಯೇ ಇಡುವ ಆಸಾಮಿ ಅವನು.

“ಮಮ್ಮಿ, ಪಪ್ಪಾ ಸಾಡೇ ಛೇ ತಕ್, ಆರೂವರಿಗೆ, ಡ್ಯೂಟಿ ಆಫ್ ಆಗ್ತಾರ. ಟೈಮ್ ಅದ,” ಎಂದಳು ಪ್ರತೀಕ್ಷಾ. ಟೈಮ್ ಇದೆ ಎಂದು ಅವಳು ದಿನವಿಡೀ ಹೇಳುತ್ತಲೇ ಇದ್ದಳು, ಮತ್ತು ಸಲಸಲಕ್ಕೂ ಅವಳ ದನಿ ಸಣ್ಣದಾಗುತ್ತಿತ್ತು. ಪಾರ್ವತಿಗೆ ತನ್ನ ಮೇಲೇ ಸಿಟ್ಟು ಬಂತು. ಮಂಗಳವಾರವೇ ಕಟ್ಟಿದ್ದರೆ ಈ ಹುಡುಗಿ ಇವತ್ತು ಉಗುರು ಕಚ್ಚುತ್ತ ಕೂರುತ್ತಿರಲಿಲ್ಲ.

ಹೊತ್ತು ಮುಳುಗಿತು. ಓಣಿಯ ಒಂದೊಂದೇ ಮನೆಯಿಂದ ಶಂಖ ಊದುವುದು ಕೇಳಿತು. ಪಾರ್ವತಿ ಅಭ್ಯಾಸಬಲದಿಂದ ಎದ್ದು ದೇವರ ಮುಂದೆ ಹೋದಳು, ದೀಪದ ಸಮೆಗೆ ಎಣ್ಣೆ ಹಾಕಿದಳು, ಬತ್ತಿ ಸರಿಮಾಡಿದಳು, ಕಡ್ಡಿಪೆಟ್ಟಿಗೆ ಕೈಗೆ ತೆಗೆದುಕೊಂಡಳು. ಹಚ್ಚಿದರೆ ಮುಗಿಯಿತು, ಆಮೇಲೆ ತನ್ನ ಕೈ ಏಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕಡ್ಡಿಪೆಟ್ಟಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ವಾಪಸು ಬಂದು ಮಗಳ ಪಕ್ಕ ಕೂತಳು.

“ದೀಪ?” ಎಂದಳು ಪ್ರತೀಕ್ಷಾ.

“ಕಾಯ್ತದ ಬಿಡು. ಮೊದಲ ನಿಂದು ಆಗಲಿ.”

ಎದುರು ಮನೆಯ ಹಿರಿಯಾಕೆ ಮಜುಂದಾರ್ ಮಾಶಿಮಾ ಕತ್ತಲೆಯ ಬಾಗಿಲಲ್ಲಿ ಇಣುಕಿ, ಸಂಜೆಯ ದೀಪ ಇಟ್ಟಿಲ್ಲವೇ ಸೊಸೆಮ್ಮಾ ಎಂದು ಬಂಗಾಳಿಯಲ್ಲಿ ಕೇಳಿದರು. ಈ ಮನೆಯಲ್ಲಿ ಅವರು ಇಂಥದ್ದನ್ನು ಕಂಡಿರಲಿಲ್ಲ. “ಏಕ್ಟು ಪೊರೆ, ಮಾಶಿಮಾ,” ಸ್ವಲ್ಪ ಹೊತ್ತು ಬಿಟ್ಟು ಹಚ್ಚುತ್ತೇನೆ ಎಂದಳು ಪಾರ್ವತಿ. ನಾಚಿಕೆಯಾಯಿತು, ಆದರೆ ಅವಳು ಕೂತಲ್ಲಿಂದ ಏಳಲಿಲ್ಲ.

ಆರೂವರೆ ದಾಟಿ ಒಂದಿಷ್ಟು ಹೊತ್ತಿಗೆ ಶರಣಪ್ಪನ ಫೋನ್ ತಾಗಿತು. ಡ್ಯೂಟಿ ಮುಗಿಸಿ ಆಗಷ್ಟೇ ಸಿಯಾಲ್ದಾ ಸ್ಟೇಷನ್ನಿನಲ್ಲಿ ಇಳಿದಿದ್ದ. ಪಾರ್ವತಿ ಎರಡು ಮಾತಿನಲ್ಲಿ ವಿಷಯ ಹೇಳಿದಳು, ಪ್ರತೀಕ್ಷಾ ಗುಂಡಿ ಒತ್ತಿದಳು.

“ಹಾಂ, ಬಂತು,” ಎಂದ ಶರಣಪ್ಪ.

“ಹೇಳ್ರಿ ಮತ್ತ.”

“ಇದನ್ನ ಯಾರಿಗೂ ಹೇಳಬ್ಯಾಡ್ರಿ ಅಂತ ಇದರಾಗ ಬರದಾರ. ನಮ್ಮ ರೈಲ್ವೆದಾಗಿನ ಬಸವಲಿಂಗಪ್ಪ ಹಿಂಗ ಫೋನಿನಾಗ ಹೇಳಿ ಖಾತೆ ಖಾಲಿ ಮಾಡಿಕೊಂಡ. ತಡಿ, ನಾನ ಮನಿಗೆ ಬಂದು ಒತ್ತತೀನಿ.”

ಸಿಯಾಲ್ದಾದಿಂದ ಕಸ್ಬಾಕ್ಕೆ ಈ ಹೊತ್ತಿನ ಟ್ರಾಫಿಕ್ಕಿನಲ್ಲಿ ಅವನು ಬರುವಷ್ಟರಲ್ಲಿ ಸೀಟು ಇನ್ನೊಬ್ಬರ ಮನೆ ಸೇರಿರುತ್ತಿತ್ತು. ಪ್ರತೀಕ್ಷಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಪಾರ್ವತಿ ದನಿ ಏರಿಸಲಿಲ್ಲ.

“ಏನ್ರೀ, ಇಲ್ಲಿ ಕೇಳ್ರಿ. ಲಗ್ನ ಆಗಿ ಬಂದಾಗಿಂದ ಶುಕ್ರವಾರದ ದೀಪ ನಾ ಒಮ್ಮೆನೂ ತಪ್ಪಿಸಿಲ್ಲ. ಇವತ್ತ ಈಕಿ ಸಲುವಾಗಿ ದೇವರನ್ನ ಕತ್ತಲಾಗ ಕೂಡ್ಸೀನಿ. ನೀವು ಒಂದು ನಂಬರ ಬಿಡಂಗಿಲ್ಲೇನ್ರಿ?”

ಆ ಕಡೆ ಪ್ಲಾಟ್‌ಫಾರ್ಮಿನ ಗದ್ದಲದ ನಡುವೆ ಶರಣಪ್ಪ, ಪಕ್ಕದವರಿಗೆ ಕೇಳಬಾರದೆಂದೋ ಏನೋ, ಪಿಸುದನಿಯಲ್ಲಿ ಒಂದೊಂದೇ ಅಂಕಿ ಹೇಳತೊಡಗಿದ. ಪಾರ್ವತಿ ಅದನ್ನು ಗಟ್ಟಿಯಾಗಿ ಮಗಳಿಗೆ ಒಪ್ಪಿಸಿದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು, ಕೊನೆಗೆ ನಿಂತು ರಸೀದಿ ತೋರಿಸಿತು.

“ಹೋ ಗಯಾ ಮಮ್ಮಿ. ಆತು,” ಎಂದು ಪ್ರತೀಕ್ಷಾ ಅತ್ತೇಬಿಟ್ಟಳು. ಪಾರ್ವತಿ ಅವಳ ತಲೆ ನೇವರಿಸಿ, ಸೆರಗಿನ ಗಂಟು ಬಿಚ್ಚಿ, ದೇವರ ಮುಂದೆ ಹೋಗಿ ಕಡ್ಡಿ ಗೀರಿದಳು. ಎರಡು ಬತ್ತಿಗಳೂ ಹತ್ತಿಕೊಂಡವು. ಕೈಮುಗಿದು ತಪ್ಪಾಯಿತೆಂದು ಕೇಳಬೇಕೆಂದುಕೊಂಡಿದ್ದಳು. ಯಾಕೋ ಆ ಮಾತು ಬಾಯಿಗೆ ಬರಲಿಲ್ಲ.

ಶರಣಪ್ಪ ಇನ್ನೂ ಫೋನಿನಲ್ಲೇ ಇದ್ದ. ಪಾರ್ವತಿ ಮತ್ತೆ ಫೋನ್ ಎತ್ತಿಕೊಂಡಳು.

“ಇನ್ನ ಆರಾರು ತಿಂಗಳಿಗೆ ಫೀಸು ಅದ. ನನ್ನ ಖಾತೆಗೆ ನನ್ನ ನಂಬರ ಹಚ್ಚಬೇಕು. ಬ್ಯಾಂಕಿಗೆ ಹೋಗೂಣು.”

“ನಾಳೆ ನಾಡಿದ್ದು ಬ್ಯಾಂಕ್ ಇಲ್ಲ. ಸೋಮವಾರ ನನಗ ಡ್ಯೂಟಿ ಅದ,” ಎಂದ ಶರಣಪ್ಪ. “ಮಂಗಳವಾರ ರಜಾ, ಆದ್ರ ಮಂಗಳವಾರ ನೀ...”

“ಮಂಗಳವಾರನ ಹೋಗೂಣು,” ಎಂದಳು ಪಾರ್ವತಿ.